ಬಂದು ಹೋಗುವ ಕೆರೆ, ಕಾಣದೆ ಹರಿಯುವ ಹೊಳೆ

ಆತ್ಮೀಯ ಕೇಳುಗರೇ, ನಮಸ್ಕಾರ.

ಇಟಲಿಗೆ ಪೂರ್ವದಲ್ಲಿ, ಆಸ್ಟ್ರಿಯಾಕ್ಕೆ ದಕ್ಷಿಣದಲ್ಲಿ ಇರುವ ಸ್ಲೊವೇನಿಯಾ ಸುಮಾರು 20,000 ಚದರ ಕಿಲೋಮೀಟರ್ ವಿಸ್ತಾರದ ಪುಟ್ಟ ದೇಶ. ವಾಯವ್ಯದಲ್ಲಿ 2,864 ಮೀಟರ್ ಎತ್ತರದ ತ್ರಿಗ್ಲಾವ್ ಶಿಖರವಿರುವ ಜೂಲಿಯನ್ ಆಲ್ಪ್ಸ್, ನೈಋತ್ಯದಲ್ಲಿ 50 ಕಿಲೋಮೀಟರಿಗೂ ಕಡಿಮೆ ಉದ್ದದ ಆಡ್ರಿಯಾಟಿಕ್ ಕರಾವಳಿ, ಅರ್ಧಕ್ಕಿಂತ ಹೆಚ್ಚು ನೆಲವನ್ನು ಆವರಿಸಿದ ಕಾಡು: ಇಷ್ಟನ್ನು ಯಾವ ಭೂಗೋಳದ ಪುಸ್ತಕವಾದರೂ ಹೇಳುತ್ತದೆ. ಆದರೆ ಈ ದೇಶದ ನೂರಕ್ಕೆ 40ಕ್ಕೂ ಹೆಚ್ಚು ಭಾಗ ಸುಣ್ಣಕಲ್ಲು ಮತ್ತು ಡಾಲಮೈಟಿನ ನೆಲವಾದ್ದರಿಂದ, ಅಲ್ಲಿನ ಹೊಳೆ, ಕೆರೆಗಳ ನಡೆಯನ್ನು ಮೇಲಿನ ನಕ್ಷೆಯೊಂದನ್ನೇ ನಂಬಿ ತಿಳಿಯಲಾಗದು.

ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸುವೇ ಆಮ್ಲವಾಗುತ್ತದೆ. ಆ ನೀರು ಸುಣ್ಣಕಲ್ಲಿನ ಬಿರುಕುಗಳಿಗೆ ಇಳಿದು, ಕಲ್ಲನ್ನು ಕರಗಿಸುತ್ತ, ಲಕ್ಷಾಂತರ ವರ್ಷಗಳಲ್ಲಿ ಬಿರುಕನ್ನು ಕೊಳವೆಯಾಗಿ, ಕೊಳವೆಯನ್ನು ಗುಹೆಯಾಗಿ ಹಿಗ್ಗಿಸುತ್ತದೆ. ಪಿವ್ಕಾ ಎಂಬ ಹೊಳೆ ಹೀಗೆ ಕೊರೆದ ಪೋಸ್ಟೊಯ್ನಾ ಗುಹಾಜಾಲ 24 ಕಿಲೋಮೀಟರಿಗೂ ಉದ್ದವಿದೆ. ಪ್ರವಾಸಿಗರಿಗಾಗಿ 1872ರಲ್ಲೇ ಅದರೊಳಗೆ ರೈಲು ಕಂಬಿ ಹಾಕಿದ್ದರು. ಆದರೆ ನನ್ನ ಮಟ್ಟಿಗೆ ಗುಹೆಗಿಂತ ದೊಡ್ಡ ಸೋಜಿಗ ಅದರ ನೆರೆಯಲ್ಲಿರುವ ಚೆರ್ಕ್ನಿತ್ಸಾ ಸರೋವರ.

ಚೆರ್ಕ್ನಿತ್ಸಾ ತುಂಬಿದಾಗ 20 ಚದರ ಕಿಲೋಮೀಟರನ್ನೂ ಮೀರಿ ಹರಡಿ, ದೇಶದ ಅತಿ ದೊಡ್ಡ ಸರೋವರವಾಗುತ್ತದೆ. ಬೇಸಿಗೆಯ ಕೊನೆಗೆ ನೋಡಿದರೆ ಹುಲ್ಲುಗಾವಲು. ಸುತ್ತ ಬೆಟ್ಟ, ನಡುವೆ ಸಮತಟ್ಟಾದ ತಳ, ಆ ತಳದ ತುಂಬ ನೀರು ನುಂಗುವ ಕುಳಿಗಳು. ಶರತ್ಕಾಲದ ಮಳೆಯಲ್ಲೋ ಹಿಮ ಕರಗುವ ವಸಂತದಲ್ಲೋ ಒಳಬರುವ ನೀರು ಕುಳಿಗಳು ನುಂಗುವುದಕ್ಕಿಂತ ಹೆಚ್ಚಾದಾಗ ಕೆಲವೇ ದಿನಗಳಲ್ಲಿ ಬಯಲು ಕೆರೆಯಾಗುತ್ತದೆ. ಒಳಹರಿವು ತಗ್ಗಿದರೆ ಮೂರು ನಾಲ್ಕು ವಾರಗಳಲ್ಲಿ ಬರಿದಾಗುತ್ತದೆ. ನೀರು ಇಳಿಯುವಾಗ ಅಲ್ಲಲ್ಲಿ ಉಳಿದ ಗುಂಡಿಗಳಲ್ಲಿ ಮೀನುಗಳು ಒತ್ತೊತ್ತಾಗಿ ಸಿಕ್ಕಿಬೀಳುತ್ತವೆ. ಊರವರು ಬಲೆ, ಬಕೆಟ್ಟುಗಳೊಂದಿಗೆ ಕೆಸರಿಗಿಳಿದು ಅವನ್ನು ಎತ್ತಿ, ಬತ್ತದ ನೀರಿಗೆ ಸಾಗಿಸುತ್ತಾರೆ. ಅದೇ ಜಾಗದಲ್ಲಿ ಮುಂದೆ ಹುಲ್ಲು ಕೊಯ್ಯುವುದೂ ಉಂಟು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುವುದೂ ಉಂಟು. ಈ ಏರಿಳಿತಕ್ಕೆ ನೆಲದಡಿಯ ಕೊಳವೆಗಳ ವಿವರಣೆ ಕೊಟ್ಟ ವಾಲ್ವಾಸೊರ್ ಎಂಬ ಜಮೀನುದಾರ ವಿದ್ವಾಂಸನನ್ನು ಲಂಡನ್ನಿನ ರಾಯಲ್ ಸೊಸೈಟಿ 1687ರಲ್ಲಿ ಸದಸ್ಯನನ್ನಾಗಿ ಆರಿಸಿಕೊಂಡಿತು.

ಮನುಷ್ಯನಿಗೆ ಮಾತ್ರ ಈ ಕೆರೆ ಇದ್ದ ಹಾಗೆ ಸಾಕೆನಿಸಲಿಲ್ಲ. ಬೇಸಾಯದ ಆಸೆಗೆ ಒಂದು ಕಾಲದಲ್ಲಿ ಕುಳಿಗಳನ್ನು ಅಗಲಿಸಿ, ತೊರೆಗಳನ್ನು ನೇರ ಕಾಲುವೆಗಳನ್ನಾಗಿ ತಿದ್ದಿ, ಕೆರೆಯನ್ನು ಬೇಗ ಬರಿದು ಮಾಡಲು ಹೊರಟರು. 1960ರ ದಶಕದ ಕೊನೆಗೆ ಅದಕ್ಕೆ ತದ್ವಿರುದ್ಧವಾಗಿ, ಕೆರೆಯ ನೀರು ಹೊರಹೋಗುವ ಕಾರ್ಲೊವಿತ್ಸಾ ಗುಹೆಗಳ ಬಾಯಿಗೆ ಕಾಂಕ್ರೀಟು ಹಾಕಿ ವರ್ಷವಿಡೀ ನೀರು ನಿಲ್ಲಿಸಲು ನೋಡಿದರು. ಒಂದು ಬಾಯಿ ಮುಚ್ಚಿದರೆ ನೂರು ಬಾಯಿ ತೆರೆದಿರುವ ನೆಲದಲ್ಲಿ ಇದು ಫಲಿಸಲಿಲ್ಲ, ಫಲಿಸುವ ಹಾಗೆಯೂ ಇರಲಿಲ್ಲ. ಈ ಶತಮಾನದಲ್ಲಿ, ನೇರ ಮಾಡಿದ್ದ ತೊರೆಗಳಲ್ಲಿ ಕೆಲವನ್ನು ಮತ್ತೆ ಅಂಕುಡೊಂಕಿನ ಹಳೆಯ ಪಾತ್ರಕ್ಕೆ ತಿರುಗಿಸಿದ್ದಾರೆ.

ಕುಳಿಗಳಿಗೆ ಇಳಿದ ನೀರಿನ ಒಂದು ಪಾಲು ರಾಕ್ ಎಂಬ ಹೊಳೆಯಾಗಿ ಮೇಲೆದ್ದು, ಪುನಃ ಮುಳುಗಿ, ಪ್ಲಾನಿನಾ ಗುಹೆಯ ಕತ್ತಲೆಯಲ್ಲಿ ಪಿವ್ಕಾವನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಉನಿತ್ಸಾ ಎನಿಸಿ ಹೊರಬಂದು, ಇನ್ನೊಂದು ಬಯಲನ್ನು ಸುತ್ತಿ, ಮರೆಯಾಗಿ, ವರ್ಹ್ನಿಕಾ ಊರಿನ ಬುಗ್ಗೆಗಳಲ್ಲಿ ಲ್ಯುಬ್ಲಿಯಾನಿತ್ಸಾ ಆಗಿ ಚಿಮ್ಮುತ್ತದೆ. ರಾಜಧಾನಿ ಲ್ಯುಬ್ಲಿಯಾನಾದ ನಡುವೆ ಹರಿಯುವ ನದಿ ಇದೇ. ಇದರ ನೀರು ಸಾವಾ, ಡ್ಯಾನ್ಯೂಬ್ ನದಿಗಳ ಮೂಲಕ ಕಪ್ಪು ಸಮುದ್ರ ಸೇರುತ್ತದೆ. ತುಸು ದಕ್ಷಿಣದ ರೇಕಾ ನದಿಯಾದರೋ ಶ್ಕೊತ್ಸಿಯನ್ ಗುಹೆಗಳ ಆಳಕ್ಕೆ ಧುಮುಕಿ, 30 ಕಿಲೋಮೀಟರಿಗೂ ಹೆಚ್ಚು ದೂರ ಕಾಣದೆ ಸಾಗಿ, ಇಟಲಿಯ ನೆಲದಲ್ಲಿ ತಿಮಾವೊ ಎಂಬ ಹೆಸರಿನಿಂದ ಎದ್ದು ಆಡ್ರಿಯಾಟಿಕ್ ಸಮುದ್ರಕ್ಕೆ ಸೇರುತ್ತದೆ. ಇಂಥಲ್ಲಿ ಯಾವ ನೀರು ಯಾವ ಕಡಲಿಗೆ ಎಂಬುದನ್ನು ಬೆಟ್ಟದ ಏಣು ನೋಡಿ ಹೇಳುವಂತಿಲ್ಲ. ಮುಳುಗುವಲ್ಲಿ ಬಣ್ಣ ಬೆರೆಸಿ, ಬುಗ್ಗೆಗಳಲ್ಲಿ ಕಾದು ನೋಡಬೇಕಾಗುತ್ತದೆ.

ಈ ಕತ್ತಲೆಯ ನೀರಿನಲ್ಲಿ ಪ್ರೋಟಿಯಸ್ ಎಂಬ ಉಭಯಚರ ವಾಸಿಸುತ್ತದೆ. ಗೇಣಿಗಿಂತ ತುಸು ಉದ್ದನೆಯ, ನಸುಗೆಂಪು ಛಾಯೆಯ ಬಿಳಿ ಮೈ, ಚರ್ಮದಡಿ ಹೂತುಹೋದ ಕಣ್ಣು, ಕತ್ತಿನ ಎರಡೂ ಕಡೆ ಕೆಂಪು ಕುಚ್ಚಿನಂತಹ ಕಿವಿರು, ಮುಂಗಾಲಿಗೆ ಮೂರು ಬೆರಳು, ಹಿಂಗಾಲಿಗೆ ಎರಡು. ವರ್ಷಗಟ್ಟಲೆ ಆಹಾರವಿಲ್ಲದೆ ಬದುಕಬಲ್ಲ ಈ ಪ್ರಾಣಿ ಪ್ರವಾಹದಲ್ಲಿ ಹೊರಗೆ ಕೊಚ್ಚಿಬಂದಾಗ, ಹಿಂದಿನವರು ಇದನ್ನು ಡ್ರ್ಯಾಗನ್ನಿನ ಮರಿಯೆಂದು ನಂಬಿದ್ದರು.

ಉಪವಾಸ ತಾಳುವ ಈ ಜೀವಿಗೂ ಕೊಳೆಯಿಂದ ರಕ್ಷಣೆಯಿಲ್ಲ. ಮರಳಿನ ಪದರ ನೀರನ್ನು ಸೋಸುವಂತೆ ಸುಣ್ಣಕಲ್ಲಿನ ಕೊಳವೆಗಳು ಸೋಸಲಾರವು. ಕುಳಿಗೆ ಸುರಿದದ್ದು ಬುಗ್ಗೆಯಲ್ಲಿ ಹೊರಬರುತ್ತದೆ. ದೇಶದ ಆಗ್ನೇಯದ ಬೇಲಾ ಕ್ರಾಯಿನಾ ಪ್ರದೇಶದಲ್ಲಿ ವಿದ್ಯುತ್ ಕೆಪಾಸಿಟರ್ ತಯಾರಿಸುವ ಕಾರ್ಖಾನೆಯೊಂದರ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕದ ತ್ಯಾಜ್ಯವನ್ನು ಇಂಥ ಕುಳಿಗಳಲ್ಲಿ ಹಾಕಲಾಗಿತ್ತು. ಅದು ಕ್ರೂಪಾ ಹೊಳೆಯ ಬುಗ್ಗೆಯನ್ನು ಸೇರಿರುವುದು 1980ರ ದಶಕದಲ್ಲಿ ಬಯಲಾಯಿತು. ದಶಕಗಳ ನಂತರವೂ ಅಲ್ಲಿನ ಪ್ರೋಟಿಯಸ್‌ಗಳ ಮೈಯಲ್ಲಿ ಆ ವಿಷ ಪತ್ತೆಯಾಗಿದೆ. ದೇಶದ ಕುಡಿಯುವ ನೀರಿನ ದೊಡ್ಡ ಪಾಲು ಇದೇ ಬಗೆಯ ಬುಗ್ಗೆಗಳಿಂದ ಬರುವುದರಿಂದ ಇದು ಗುಹೆಯ ಪ್ರಾಣಿಗಳಿಗಷ್ಟೇ ಸೀಮಿತವಾದ ಕಷ್ಟವಲ್ಲ. 2016ರ ನವೆಂಬರಿನಲ್ಲಿ ಸ್ಲೊವೇನಿಯಾ ತನ್ನ ಸಂವಿಧಾನಕ್ಕೆ ತಿದ್ದುಪಡಿ ತಂದು, ಕುಡಿಯುವ ನೀರನ್ನು ಪ್ರತಿಯೊಬ್ಬರ ಹಕ್ಕೆಂದೂ ಅದು ಮಾರಾಟದ ಸರಕಲ್ಲವೆಂದೂ ಬರೆದುಕೊಂಡಿತು. ಹಕ್ಕು ಕಾಗದದ ಮೇಲೆ ಬಂತು. ಕ್ರೂಪಾದ ಬುಗ್ಗೆಯನ್ನು ಕುಡಿಯುವ ನೀರಿನ ಮೂಲವನ್ನಾಗಿ ಬಳಸಿಕೊಳ್ಳಲು ಆ ವಿಷವೇ ಇಂದಿಗೂ ಅಡ್ಡಿ.

ನಮಸ್ಕಾರ.