ಕೆರೆಯಂಚಿನ ಬಿಳಿ ಹೂಗಳು: ಗುರುತು ಹಿಡಿಯುವ ಬಗೆ

ಎಲ್ಲರಿಗೂ ನಮಸ್ಕಾರ. ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ಮೈಸೂರಿನ ಕುಕ್ಕರಹಳ್ಳಿ, ಲಿಂಗಾಂಬುಧಿಯಂಥ ಕೆರೆಗಳಲ್ಲಿ ನೀರು ಸರಿದ ಕಡೆ ಹಸಿ ಮಣ್ಣಿನ ಪಟ್ಟಿಯೊಂದು ಕಾಣುತ್ತದೆ. ಅದರ ಮೇಲೆ ಒಣ ಏರಿ. ಗಿಡ ಈ ಎರಡರಲ್ಲಿ ಎಲ್ಲಿದೆ ಅನ್ನುವುದನ್ನು ಮೊದಲು ಬರೆದುಕೊಳ್ಳಿ, ಹೂವಿನ ಬಣ್ಣ ಆಮೇಲೆ. ಬಣ್ಣವನ್ನೇ ನಂಬಿದರೆ ಬಿಳಿ ಹೂಗಳ ಹತ್ತಿರ ಎಡವುವುದು ಖಂಡಿತ.

ಗರುಗದ ಸೊಪ್ಪನ್ನೇ ನೋಡಿ. ಕೂದಲೆಣ್ಣೆಗೆ ಬೇಕೆಂದು ಹುಡುಕುವವರು ಏರಿಯ ಮೇಲಿನ ಗಬ್ಬು ಶಾವಂತಿಯನ್ನು, ಅಂದರೆ ಟ್ರೈಡಾಕ್ಸನ್ನು, ಕಿತ್ತುಕೊಂಡು ಹೋಗುವುದುಂಟು. ಎರಡೂ ಸೂರ್ಯಕಾಂತಿಯ ಕುಟುಂಬದವು. ಒಂದು ಹೂವೆಂದು ಕಾಣುವುದು ಈ ಕುಟುಂಬದಲ್ಲಿ ಪುಟ್ಟ ಪುಟ್ಟ ಹೂಗಳ ಗುಂಪು. ಅಂಚಿನ ಒಂದೊಂದು ಎಸಳೂ ಒಂದು ಹೂವೇ. ಹತ್ತು ಪಟ್ಟು ಹಿಗ್ಗಿಸುವ ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಹೂವನ್ನು ಮಸೂರದ ಬಳಿಗೆ ತನ್ನಿ. ಟ್ರೈಡಾಕ್ಸಿನಲ್ಲಿ ಅಗಲವಾದ ಕೆನೆಬಣ್ಣದ ಐದಾರು ಎಸಳು, ತುದಿಯಲ್ಲಿ ಮೂರು ಹಲ್ಲು, ನಡುವೆ ಹಳದಿ, ಗೇಣುದ್ದದ ತೊಟ್ಟು. ಗರುಗದಲ್ಲಿ ದಾರದೆಳೆಯಂಥ ಎಸಳುಗಳು ಒತ್ತೊತ್ತಾಗಿ, ನಡುವೆಯೂ ಬೆಳ್ಳಗೆ, ತೊಟ್ಟು ಗಿಡ್ಡ. ಎಲೆಗಳು ಎರಡರಲ್ಲೂ ಎದುರುಬದುರಾಗಿಯೇ ಇರುವುದರಿಂದ ಅದರಿಂದ ತೀರ್ಮಾನವಾಗದು. ಒಂದು ಎಲೆಯನ್ನು ಅಂಗೈಯಲ್ಲಿ ಉಜ್ಜಿ ಸ್ವಲ್ಪ ಹೊತ್ತು ಬಿಡಿ: ಗರುಗದ ರಸ ಕಪ್ಪಿಗೆ ತಿರುಗುತ್ತದೆ.

ಉಜ್ಜುವ ಮುನ್ನ ಅದು ಪಾರ್ಥೇನಿಯಂ ಅಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು. ಅದು ಚರ್ಮಕ್ಕೆ ತುರಿಕೆ ತರುತ್ತದೆ. ಗಜ್ಜರಿಯ ಸೊಪ್ಪಿನಂತೆ ಸೀಳುಸೀಳಾದ ಎಲೆ, ಐದು ಮೂಲೆಯ ಚಿಕ್ಕ ಬಿಳಿ ಹೂ ಕಂಡರೆ ಕೈ ಹಾಕಬೇಡಿ.

ತುಂಬೆಗೆ ಇಷ್ಟು ಕಷ್ಟವಿಲ್ಲ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆ ಸಿಗುತ್ತವೆ. ಗಿಣ್ಣಿನಲ್ಲಿ ಹಸಿರು ಉಂಡೆ, ಅದರಿಂದ ಹೊರಚಾಚಿದ ಬಿಳಿ ಕೆಳತುಟಿ.

ನೆಲಕ್ಕಂಟಿದ ನೀಲಿ ವಿಷ್ಣುಕ್ರಾಂತಿಗೆ ಬೆಳಿಗ್ಗೆಯೇ ಬನ್ನಿ, ಬಿಸಿಲೇರಿದಂತೆ ಮುದುಡುತ್ತದೆ. ಇದನ್ನೂ ಬಳ್ಳಿಯ ಶಂಖಪುಷ್ಪವನ್ನೂ ಒಂದೇ ಹೆಸರಲ್ಲಿ ಕರೆಯುವ ರೂಢಿಯಿದೆ. ಆದ್ದರಿಂದ ಊರಿನ ಹೆಸರಿನ ಜೊತೆಗೆ ವಿಷ್ಣುಕ್ರಾಂತಿಯ ಸಸ್ಯಶಾಸ್ತ್ರದ ಹೆಸರು ಇವಾಲ್ವ್ಯುಲಸ್ ಅಂತಲೂ ಬರೆದಿಡಿ.

ಫೋಟೋ ನಾಲ್ಕು ಬೇಕು: ಇಡೀ ಗಿಡ, ಎಲೆ ಕಾಂಡಕ್ಕೆ ಸೇರುವ ಜಾಗ, ಹೂವಿನ ಮುಂಭಾಗ, ಹೂವಿನ ಹಿಂಭಾಗ. ಮೊಬೈಲ್ ಹೂವನ್ನು ಬಿಟ್ಟು ಹಿಂದಿನ ಹುಲ್ಲಿಗೆ ಫೋಕಸ್ ಆಗುತ್ತಿದ್ದರೆ ಹೂವಿನ ಹಿಂದೆ ಅಂಗೈ ಅಡ್ಡ ಹಿಡಿಯಿರಿ. ಬರೀ ಮುಂಭಾಗದ ಚಿತ್ರ ಕೊಟ್ಟರೆ ಗಿಡ ಗುರುತಿಸುವ ಆ್ಯಪ್‌ಗಳು ತಪ್ಪು ಹೆಸರು ಹೇಳುವುದು ಹೆಚ್ಚು.

ಇಷ್ಟಾದ ಮೇಲೂ ಗರುಗವೋ ಟ್ರೈಡಾಕ್ಸೋ ಎಂಬ ಅನುಮಾನ ಉಳಿದರೆ ಅದೇ ಗಿಡದಲ್ಲಿ ಬಲಿತ ಹೂಗುಂಪೊಂದನ್ನು ಹುಡುಕಿ. ಊದಿದರೆ ಬೀಜ ಪುಕ್ಕ ಬಿಚ್ಚಿ ಹಾರುವುದು ಟ್ರೈಡಾಕ್ಸ್; ಗರುಗದ ಬೀಜಕ್ಕೆ ಪುಕ್ಕವಿಲ್ಲ, ಅಂಗೈಯಲ್ಲೇ ಉಳಿಯುತ್ತದೆ.