ಕೆಂಪು ನೀರು ತೊಟ್ಟಿ ದಾಟಬಾರದು

ಕೇಳುಗರಿಗೆ ನಮಸ್ಕಾರ. ಹೊಸದುರ್ಗ, ಹಿರಿಯೂರು ಕಡೆ ತೆಂಗಿನ ನಾರಿನ ಫ್ಯಾಕ್ಟರಿ ನಡೆಸುವವರು, ಅದರ ಪಕ್ಕದಲ್ಲೇ ತೋಟ ಇರುವವರು, ನಿಮ್ಮ ಹತ್ತಿರವೇ ಇವತ್ತಿನ ಮಾತು. ಹೇಳುವುದು ಒಂದೇ ವಿಷಯ. ನಾರು ಬಿಡಿಸಲು ತೆಂಗಿನಕಾಯಿ ಮಟ್ಟೆ ನೆನೆಸಿದ ಕೆಂಪು ನೀರು ನಿಮ್ಮ ತೊಟ್ಟಿ ದಾಟಿ ಆಚೆ ಹೋಗಬಾರದು.

"ಸಾರ್, ನಾವು ಯಾವ ಕೆಮಿಕಲ್ಲೂ ಹಾಕಲ್ಲ, ಇದು ಬರೀ ತೆಂಗಿನ ರಸ" ಎನ್ನುತ್ತಾರೆ ಫ್ಯಾಕ್ಟರಿಯವರು. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಮಟ್ಟೆಯಲ್ಲಿ ಒಗರಿನ ಟ್ಯಾನಿನ್ ಇದೆ, ವಿಷಕಾರಿ ಫೀನಾಲ್ ಇದೆ, ಉಪ್ಪಿದೆ. ನೆನೆದಾಗ ಎಲ್ಲವೂ ನೀರಿಗೆ ಇಳಿಯುತ್ತವೆ. ಮಟ್ಟೆಯ ಅಂಟನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಆಮೇಲೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದು ಹೈಡ್ರೋಜನ್ ಸಲ್ಫೈಡ್. ಆ ನೀರು ಕೆರೆ ಸೇರಿದರೆ ಮೀನು ಉಸಿರುಗಟ್ಟಿ ಸಾಯುತ್ತವೆ.

ಹೊಸದುರ್ಗ ತಾಲ್ಲೂಕಿನ ಒಂದು ಊರು, ಹೆಸರು ಬೇಡ. ಒಬ್ಬ ಅಜ್ಜಿ ನನ್ನನ್ನು ತಮ್ಮ ಬಾವಿಗೆ ಕರೆದುಕೊಂಡು ಹೋದರು. ನೀರು ಕಡುಗೆಂಪು. "ಎಮ್ಮೆನೂ ಮೂತಿ ಇಡಲ್ಲಪ್ಪಾ" ಅಂದರು. ಮೇಲ್ಗಡೆ ಹೊಲದಲ್ಲಿ ಫ್ಯಾಕ್ಟರಿ. ಬರೀ ಮಣ್ಣಿನ ಗುಂಡಿಯಲ್ಲಿ ಮಟ್ಟೆ ನೆನೆಹಾಕಿದ್ದರು. ಪಕ್ಕದಲ್ಲಿ ನಾರಿನ ಪುಡಿಯ ಗುಡ್ಡೆ. ಮಳೆ ಬಂದಾಗ ಗುಡ್ಡೆಯ ನೀರೂ ಕೆಳಗೆ ಇಳಿಯುತ್ತಿತ್ತು. ಮಾಲೀಕರು ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ಆದರೆ ಅದೇ ಮಾತು, ಬರೀ ತೆಂಗಿನ ರಸ! ನಾನು ವಾದ ಮಾಡಲಿಲ್ಲ. ಬಾವಿಯಿಂದ ಒಂದು ಕೊಡ ನೀರು ತರಿಸಿ ಅವರ ಮನೆ ಜಗಲಿ ಮೇಲೆ ಇಟ್ಟೆ. ಅವರ ತಂದೆ ಬಗ್ಗಿ ನೋಡಿ, "ಇದು ಯಾವ ಬಾವಿದು?" ಅಂದರು. ಹೇಳಿದೆ. "ನಾನು ಈಜು ಕಲಿತಿದ್ದೇ ಅದ್ರಲ್ಲಿ" ಅಂದವರು ಮಗನ ಕಡೆ ತಿರುಗಿದರು. ಮುಂದಿನದು ಅಪ್ಪ-ಮಗನ ಮಾತು, ಬಿಡಿ. ಸಿಮೆಂಟ್ ತೊಟ್ಟಿ ಎದ್ದಿತು. ಈಗ ಅದೇ ನೀರನ್ನು ತಿರುಗಿ ತಿರುಗಿ ನೆನೆಸಲು ಬಳಸುತ್ತಾರೆ. ಗುಡ್ಡೆಯ ಕೆಳಗೆ ಕಾಂಕ್ರೀಟು, ಮೇಲೆ ತಾಡಪಾಲು. ಬಾವಿ ತಿಳಿಯಾಗಲು ಮಾತ್ರ ಕೆಲವು ಮಳೆಗಾಲಗಳೇ ಬೇಕಾದವು.

ನಮ್ಮ ಹೊಸದುರ್ಗದ ಹಳ್ಳಗಳ ನೀರು ವೇದಾವತಿಗೆ, ಅಲ್ಲಿಂದ ವಾಣಿವಿಲಾಸ ಸಾಗರಕ್ಕೆ. ಕುಡಿಯುವವರು ನಾವೇ ಅಲ್ವಾ?

ಇನ್ನು ಕಾನೂನು. 1974ರ ಜಲ ಕಾಯ್ದೆಯ 24ನೇ ಕಲಂ ಹಳ್ಳಕ್ಕಾಗಲಿ, ಬಾವಿಗಾಗಲಿ, ನೆಲದ ಮೇಲಾಗಲಿ ಕೊಳಕು ನೀರು ಬಿಡಬೇಡಿ ಎನ್ನುತ್ತದೆ. ತಮಿಳುನಾಡಿನಲ್ಲಿ ನಾರಿನ ಘಟಕಗಳು ಮಾಲಿನ್ಯ ಇಲ್ಲದ ಬಿಳಿ ವರ್ಗದಲ್ಲಿದ್ದವು. 2021ರಲ್ಲಿ ಅವನ್ನು ಮಾಲಿನ್ಯ ಮಾಡುವ ಕಿತ್ತಳೆ ವರ್ಗಕ್ಕೆ ಹಾಕಿದರು. ವರ್ಗ ಯಾವುದೇ ಇರಲಿ, 24ನೇ ಕಲಂ ಎಲ್ಲರಿಗೂ ಒಂದೇ. ಕೆಂಪು ನೀರು ತೊಟ್ಟಿ ದಾಟಬಾರದು.

ಸಮಯ ಕಡಿಮೆ ಇದೆ. ನಾರಿನ ಪುಡಿಗೆ ಬೆಂಕಿ ಹಾಕಬೇಡಿ. ಕಾಯರ್ ಬೋರ್ಡ್, ಅಂದರೆ ಕೇಂದ್ರ ಸರ್ಕಾರದ ತೆಂಗಿನ ನಾರು ಮಂಡಳಿಯ ಪಿತ್ ಪ್ಲಸ್ ಎಂಬ ಅಣಬೆ ಬೀಜ, ಜೊತೆಗೆ ಟನ್ ಪುಡಿಗೆ 5 ಕಿಲೋ ಯೂರಿಯಾ ಹಾಕಿದರೆ ಸುಮಾರು 30 ದಿನದಲ್ಲಿ ಗೊಬ್ಬರ.

ತೋಟದವರೇ, ಬೋರ್‌ವೆಲ್ ನೀರಿನ ಬಣ್ಣ ಬದಲಾದರೆ ಸುಮ್ನೆ ಕೂರಬೇಡಿ. ಬಾಟಲಿಯಲ್ಲಿ ಹಿಡಿದು ತಾರೀಖು ಬರೆದಿಡಿ. ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ನಮಸ್ಕಾರ.