ಹಿತ್ತಿಲಿಗೆ ಯಾವ ಹಣ್ಣಿನ ಗಿಡ?

ಕೇಳುಗರೇ, ನಮಸ್ಕಾರ.

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಕಡೆ ನರ್ಸರಿಗಳಲ್ಲಿ ಜನಜಂಗುಳಿ. ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಎರಡು ಕಸಿ ಗಿಡ, ಹಿಂದೆ ಕೂತವರ ಮಡಿಲಲ್ಲಿ ಇನ್ನೊಂದು. ಮನೆ ತಲುಪಿದ ಮೇಲೆ ಪ್ರಶ್ನೆ ಶುರು: ಇದನ್ನೆಲ್ಲಾ ಎಲ್ಲಿ ನೆಡುವುದು? ಈ ಪ್ರಶ್ನೆ ಮೊದಲೇ ಬರಬೇಕಿತ್ತು, ಅಲ್ವಾ?

ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಈಗ ಹೆಚ್ಚಿನವರದ್ದು ಐದೋ ಹತ್ತೋ ಸೆಂಟ್ಸ್ ಜಾಗ. ಐದು ಸೆಂಟ್ಸ್ ಅಂದರೆ ಸುಮಾರು 2,180 ಚದರಡಿ. ಅದರಲ್ಲಿ ಮನೆ, ಬಾವಿ, ಸೆಪ್ಟಿಕ್ ಟ್ಯಾಂಕ್, ಕಾರು ನಿಲ್ಲಿಸುವ ಜಾಗ ಕಳೆಯಿರಿ. ಕೊಂಬೆ ಕಡಿಯದೆ ಬಿಟ್ಟ ಒಂದು ಮಾವಿಗೆ ಉದ್ದಕ್ಕೂ ಅಗಲಕ್ಕೂ 30 ಅಡಿ ಬೇಕು. ಹಲಸಿಗೂ ಅಷ್ಟೇ. ಕಂಪೌಂಡಿಗೆ ತಾಗಿಸಿ ಹಲಸು ನೆಟ್ಟು, ಹಣ್ಣು ಪಕ್ಕದ ಮನೆಯ ಹಂಚಿನ ಮೇಲೆ ಬಿದ್ದರೆ ಮತ್ತೆ ಮಾತುಕತೆ ಇರುವುದಿಲ್ಲ. ಚಿಕ್ಕ ಜಾಗದವರಿಗೆ ಎರಡು ಮರ ಸಾಕು, ಬೇಕಾದರೆ ಬದಿಯಲ್ಲೊಂದು ಪೇರಳೆ.

ಜಾಗ ಆಯಿತು, ಇನ್ನು ಮಳೆ. ನನ್ನ ಪ್ರಕಾರ ಕರಾವಳಿಯಲ್ಲಿ ಗಿಡ ಆರಿಸುವಾಗ ಇದೇ ಮುಖ್ಯ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಹಣ್ಣು ಒಂದೋ ಮಳೆಗೆ ಮೊದಲೇ ಮುಗಿಯಬೇಕು, ಇಲ್ಲವೇ ಮಳೆಯನ್ನು ತಡೆದುಕೊಳ್ಳುವ ಜಾತಿಯಾಗಿರಬೇಕು. ನಡುವೆ ಸಿಕ್ಕಿಬಿದ್ದದ್ದು ಹುಳದ ಪಾಲು. ಮುಂಡಪ್ಪ ನಮ್ಮದೇ ಮಾವು, ಮೇ ತಿಂಗಳಲ್ಲಿ ಹಣ್ಣಾಗುತ್ತದೆ. ನೀಲಂ, ಮಲ್ಲಿಕಾ ರುಚಿಯಲ್ಲಿ ಕಮ್ಮಿಯೇನಲ್ಲ, ಆದರೆ ತಡ. ಹಣ್ಣಾಗುವ ಹೊತ್ತಿಗೆ ಮಳೆ ಶುರುವಾಗಿ, ಕೊಯ್ದರೆ ಒಳಗೆ ಬಿಳಿ ಹುಳ. ಇನ್ನು ಹಿತ್ತಿಲಲ್ಲಿ ಹಳೇ ಕಾಟು, ಅಂದರೆ ಕಾಡು ಮಾವಿನ ಮರ ಇದ್ದರೆ ದಯವಿಟ್ಟು ಕಡಿಯಬೇಡಿ. ಗೊಜ್ಜಿಗೆ, ಸಾಸಮೆಗೆ ಎಷ್ಟು ದುಬಾರಿ ಆಪೂಸ್ ತಂದರೂ ಆ ರುಚಿ ಬರುವುದಿಲ್ಲ.

ಜನವರಿಯಲ್ಲಿ ಮಂಗಳೂರಿನ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬಂದವರಿಗೆ ದಾಳಿಂಬೆ, ಬೆಣ್ಣೆಹಣ್ಣಿನ ಮೇಲೆ ಆಸೆ ಹುಟ್ಟುತ್ತದೆ. ದಾಳಿಂಬೆ ವಿಜಯಪುರ, ಬಾಗಲಕೋಟೆಯ ಒಣ ಹವೆಯ ಗಿಡ. ನಮ್ಮ ತೇವಕ್ಕೆ ಕಾಯಿಯ ಮೇಲೆಲ್ಲಾ ಕಪ್ಪು ಚುಕ್ಕೆ. ಬೆಣ್ಣೆಹಣ್ಣಿನ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಹೋಗುತ್ತದೆ. ಅದರ ಬದಲು ಮೈತುಂಬ ಕೂದಲಿನಂಥ ಎಳೆಗಳಿರುವ ಕೆಂಪು ಹಣ್ಣು ರಂಬುಟಾನ್ ನೋಡಿ. ಜೂನ್ ಕಳೆದ ಮೇಲೆ, ಮಳೆಯಲ್ಲೇ ಹಣ್ಣಾಗುತ್ತದೆ. ಮ್ಯಾಂಗೋಸ್ಟೀನ್ ಕೂಡ ಆಗುತ್ತದೆ. ಅದಕ್ಕೆ ಎಳವೆಯಲ್ಲಿ ನೆರಳು, ಬೇಸಿಗೆಯಲ್ಲಿ ನೀರು ಮತ್ತು ನಿಮಗೆ ತಾಳ್ಮೆ ಬೇಕು. ಬೀಜದ ಗಿಡ ಕಾಯಿ ಬಿಡಲು ಏಳೆಂಟು ವರ್ಷವಾದರೂ ಬೇಕು.

ಇಲ್ಲೊಂದು ಸ್ವಾರಸ್ಯ ಇದೆ. ಮ್ಯಾಂಗೋಸ್ಟೀನ್ ಮತ್ತು ನಮ್ಮ ಪುನರ್ಪುಳಿ, ಅಂದರೆ ಕೋಕಂ, ಒಂದೇ ಕುಲದವು. ಆದರೆ ಮ್ಯಾಂಗೋಸ್ಟೀನಿನಲ್ಲಿ ಪರಾಗಸ್ಪರ್ಶ ಇಲ್ಲದೆಯೇ ಬೀಜವಾಗುತ್ತದೆ. ಹಾಗಾಗಿ ಬೀಜದ ಗಿಡವೂ ತಾಯಿಯಂತೆಯೇ. ಪುನರ್ಪುಳಿಯಲ್ಲಿ ಹಾಗಲ್ಲ. ಬೀಜ ಬಿತ್ತಿ ಬೆಳೆಸಿದರೆ ಸುಮಾರು ಅರ್ಧದಷ್ಟು ಗಂಡು ಗಿಡಗಳು. ವರ್ಷಗಟ್ಟಲೆ ಸಾಕಿ, ಹೂ ಬಂದ ಮೇಲೆ ಗೊತ್ತಾಗುತ್ತದೆ, ಇದು ಕಾಯಿ ಬಿಡುವುದಿಲ್ಲ ಎಂದು. ಅದಕ್ಕೇ ಪುನರ್ಪುಳಿಯನ್ನು ಹೆಣ್ಣು ಮರದಿಂದ ಕಸಿ ಮಾಡಿದ್ದೇ ಬೇಕು ಎಂದು ಕೇಳಿ ತನ್ನಿ. ರಂಬುಟಾನಿಗೂ ಇದೇ ಮಾತು. ಬೀಜದ ಗಿಡ ಗಂಡಾದರೆ ಕಷ್ಟ, ಮೊಗ್ಗು ಕೂರಿಸಿ ಮಾಡಿದ ಕಣ್ಣು ಕಸಿಯದ್ದೇ ಇರಲಿ.

ನರ್ಸರಿಯಲ್ಲಿ ಕಾಯಿ ಬಿಟ್ಟು ನಿಂತ ಎತ್ತರದ ಗಿಡಕ್ಕೆ ಮರುಳಾಗಬೇಡಿ. ಗಿಡದ ಪ್ಲಾಸ್ಟಿಕ್ ತೊಟ್ಟೆ ಎತ್ತಿ ಅಡಿ ನೋಡಿ. ತೂತಿನಿಂದ ದಪ್ಪ ಬೇರು ಹೊರಬಂದು ಸುತ್ತಿಕೊಂಡಿದ್ದರೆ ಆ ಗಿಡ ಬೇಡ. ಕಸಿ ಗಂಟು ಗಟ್ಟಿ ಕೂಡಿಕೊಂಡಿದೆಯೇ ಎಂದು ಬೆರಳಲ್ಲಿ ಮುಟ್ಟಿ ನೋಡಿ. ಅಲ್ಲಿ ಪ್ಲಾಸ್ಟಿಕ್ ಪಟ್ಟಿ ಇನ್ನೂ ಇದ್ದರೆ ನೆಡುವಾಗ ಬಿಡಿಸಲೇಬೇಕು, ಇಲ್ಲದಿದ್ದರೆ ಕಾಂಡ ದಪ್ಪವಾಗುತ್ತಾ ಬಂದಂತೆ ಅದು ಕುತ್ತಿಗೆ ಬಿಗಿಯುತ್ತದೆ. ಗಂಟಿನ ಕೆಳಗಿಂದ ಚಿಗುರು ಬಂದರೆ ಆಗಾಗ ಚಿವುಟಿ. ಅದು ಬುಡದ ಕಾಡು ಗಿಡದ್ದು. ಬಿಟ್ಟರೆ ಕಸಿಯನ್ನೇ ಮುಗಿಸುತ್ತದೆ.

ಗುಂಡಿ ಮೂರಡಿ ಉದ್ದ, ಅಗಲ, ಆಳ ಇರಲಿ. ನಮ್ಮದು ಮುರಕಲ್ಲಿನ ನೆಲ, ಹಾರೆಗೆ ಸುಲಭಕ್ಕೆ ಬಗ್ಗುವುದಿಲ್ಲ. ಗುಂಡಿ ತೋಡಿ ಒಂದು ಜೋರು ಮಳೆ ಬರಲಿ, ಮರುದಿನ ಬೆಳಿಗ್ಗೆ ಹೋಗಿ ನೋಡಿ. ನೀರು ಹಾಗೇ ನಿಂತಿದ್ದರೆ ಕೆಳಗೆ ಪಾರೆ, ಅಂದರೆ ಹಾಸುಬಂಡೆ, ಇದೆ ಎಂದು ಲೆಕ್ಕ. ಒಂದು ಬದಿಗೆ ಕಣಿ ಕಡಿದು ನೀರು ಹೊರಗೆ ಬಿಡಿ. ಆಗದಿದ್ದರೆ ಗುಂಡಿ ಪೂರ್ತಿ ತುಂಬಿಸಿ, ಮೇಲೆ ಒಂದೂವರೆ ಅಡಿ ದಿಬ್ಬ ಮಾಡಿ ಅಲ್ಲಿ ನೆಡಿ. ತುಂಬಿಸಲು ಮೇಲ್ಮಣ್ಣು, ಸುಡುಮಣ್ಣು, ಚೆನ್ನಾಗಿ ಹಳತಾದ ಹಟ್ಟಿಗೊಬ್ಬರ. ಮಳೆ ಸುಣ್ಣದ ಅಂಶ ತೊಳೆದು ಮಣ್ಣನ್ನು ಹುಳಿ ಮಾಡುತ್ತದೆ, ಹಾಗಾಗಿ ಮಳೆಗಾಲದ ಆರಂಭದಲ್ಲಿ ಗಿಡಕ್ಕೆ ಅರ್ಧ ಕಿಲೋ ಸುಣ್ಣ ಹಾಕಿ. ಗೊಬ್ಬರವನ್ನು ಅದರ ಜೊತೆ ಹಾಕಬೇಡಿ, ಎರಡು ಮೂರು ವಾರ ಬಿಡಿ. ಮಳೆ ಮುಗಿದ ಮೇಲೆ ಬುಡಕ್ಕೆ ಒಣ ತರಗೆಲೆ, ತೆಂಗಿನ ಸಿಪ್ಪೆ ಹೊದೆಸಿ.

ಮಾವು ಎರಡೂವರೆ ಅಡಿ ಆದಾಗ ತುದಿ ಚಿವುಟಿ. ಮೂರು ನಾಲ್ಕು ಕೊಂಬೆ ಬರಲಿ. ಪ್ರತಿ ವರ್ಷ ಕೊಯ್ಲಾದ ಮೇಲೆ ಸ್ವಲ್ಪ ಸವರಿದರೆ ಮರ ಹದಿನೈದಡಿಯಲ್ಲೇ ನಿಲ್ಲುತ್ತದೆ, ದೋಟಿ ಹಿಡಿದು ನೀವೇ ಕೊಯ್ಯಬಹುದು. ಕಡಿದ ಜಾಗಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ಮುಲಾಮು ಹಚ್ಚಿ. ಅಡಿಕೆ ಇರುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಮಾವಿನೊಳಗಿನ ಆ ಬಿಳಿ ಹುಳ ಹಣ್ಣಿನ ನೊಣದ ಮರಿ. ಅದರ ಕಾಟಕ್ಕೆ ನೊಣವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ಸಿಗುತ್ತದೆ. ಹಣ್ಣಾಗಲು ಒಂದೂವರೆ ತಿಂಗಳು ಇರುವಾಗಲೇ ಕಟ್ಟಿ. ಅದು ಗಂಡು ನೊಣಗಳನ್ನಷ್ಟೇ ಹಿಡಿಯುತ್ತದೆ, ಹಾಗಾಗಿ ಬಲೆ ಕಟ್ಟಿ ಸುಮ್ನೆ ಕೂರುವಂತಿಲ್ಲ. ಬಿದ್ದ ಹಣ್ಣನ್ನು ದಿನಾ ಹೆಕ್ಕಿ ಆಳದಲ್ಲಿ ಹೂಳಬೇಕು. ತೆಂಗಿನ ಬುಡಕ್ಕೆ ಎಸೆದರೆ ಹುಳ ಅಲ್ಲೇ ಮಣ್ಣಿಗಿಳಿದು, ನೊಣವಾಗಿ ನಿಮ್ಮ ಮರಕ್ಕೇ ವಾಪಸ್ ಬರುತ್ತದೆ.

ನಮಸ್ಕಾರ.